ಋಣ ತೀರಿಸುವುದೂ ಕಾಯಕವೇ

(ಶ್ರಾವಣಮಾಸದ ಪ್ರವಚನಮಾಲೆ, ಬಬಲೇಶ್ವರದಲ್ಲಿ ಹೇಳಿದ್ದು)



ನಿನ್ನೆಯವರೆಗೆ ಗುರು, ಲಿಂಗ, ಜಂಗಮ ಈ ಮೂರರ ವಿಚಾರವಾಗಿ ನಾವು ನಾಲ್ಕು ಮಾತು ಆಡಿದೆವು. ಇಂದು ದಾಸೋಹದ ವಿಚಾರ ಹೇಳಬೇಕಾಗಿತ್ತು. ಆದರೆ ಅದಕ್ಕಿಂತ ಮೊದಲು ಇನ್ನೊಂದು ಮಾತು ಆಗಬೇಕಾಗಿದೆ. ಅದನ್ನು ಬಿಟ್ಟು ದಾಸೋಹದ ಮಾತಾಡಿದರೆ ಬುನಾದಿ ತೆಗೆಯದೆ ಗೋಡೆ ಕಟ್ಟಿದ ಹಾಗಾಗುತ್ತದೆ. ಅದು ಯಾವ ಮಾತೆಂದರೆ, ಸಾಲದ ಮಾತು.

ಸ್ವಾಮಿಗಳಿಗೇಕೆ ಸಾಲದ ಗೊಡವೆ ಎಂದು ಹಿಂದೆ ಕುಳಿತ ಹಿರಿಯರು ನಗುತ್ತಿದ್ದೀರಿ. ಸ್ವಲ್ಪ ವಿಚಾರ ಮಾಡಿರಿ. ಮುಂಜಾನೆ ಎದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನು ಇಟ್ಟುಕೊಂಡು ಕೂಡುತ್ತೀರಿ. ದೃಷ್ಟಿ ಲಿಂಗದ ಮೇಲಿದೆ; ಮನಸ್ಸು ಎಲ್ಲಿದೆ? ಇಂದು ಯಾವ ವಾರ, ಸಂಘದ ಕಂತಿನವರು ಬರುವುದು ನಾಳೆಯೋ ನಾಡದೋ, ಸಾವಕಾರರು ಬಾಜಾರದಲ್ಲಿ ಎದುರಾದರೆ ಯಾವ ಸಂದಿಯಲ್ಲಿ ಹಾಯ್ದು ಹೋಗಬೇಕು, ಇದೇ ಚಿಂತೆ. ಹೊರಗೆ ಬಾಗಿಲು ಸಪ್ಪಳಾದರೆ ಎದೆ ಝಲ್ಲೆನ್ನುತ್ತದೆ. ಸಾಲದ ಮನೆಯಲ್ಲಿ ಪೂಜೆಗೆ ಕುಳಿತರೆ ಸಾಲ ಕೊಟ್ಟವನೂ ಪಕ್ಕದಲ್ಲಿಯೇ ಬಂದು ಕೂಡುತ್ತಾನೆ. ಮನಸ್ಸು ಲಿಂಗದಲ್ಲಿ ನಿಲ್ಲುವುದು ಹೇಗೆ? ಆದ್ದರಿಂದ ಸಾಲದ ಮಾತು ಧರ್ಮದ ಮಾತೇ ಆಗಿದೆ. ಸಾಲವನ್ನು ಕುರಿತ ಸರ್ವಜ್ಞನ ತ್ರಿಪದಿ ನಿಮಗೆಲ್ಲ ಬಾಯಿಪಾಠವಿದೆ. ಅದನ್ನು ನಾವು ಮತ್ತೆ ಹೇಳುವುದಿಲ್ಲ. ಸಾಲ ಬೇಡವೆಂದು ಹೇಳುವವರು ಬಹಳ ಜನ; ಆದ ಸಾಲವನ್ನು ತೀರಿಸುವುದು ಹೇಗೆಂದು ಹೇಳುವವರು ಕಡಿಮೆ. ಇಂದು ಅದನ್ನೇ ಹೇಳೋಣ.

ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿ ಇದೆ. ಟಿಕೋಟಾ ಕಡೆಯ ಒಂದು ಹಳ್ಳಿಯ ಭಕ್ತರು. ತಮ್ಮ ಸಂಗತಿಯನ್ನು ನಾಲ್ಕು ಜನರ ಮುಂದೆ ಹೇಳಬಹುದೆಂದು ಅವರೇ ಒಪ್ಪಿದ್ದಾರೆ. ಹೆಸರು ಮಾತ್ರ ಬೇಡವೆಂದಿದ್ದಾರೆ. ಆರು ಎಕರೆ ಎರಿ ಹೊಲ, ತೊಗರಿ ಜೋಳ ಬೆಳೆಯುತ್ತಾರೆ. ಒಂದು ಆಕಳು. ಹೆಣ್ಣುಮಗಳು ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ, ದ್ರಾಕ್ಷಿಯ ಸುಗ್ಗಿಯಲ್ಲಿ ತೋಟಗಳಿಗೆ ದುಡಿಯಲು ಹೋಗುತ್ತಾಳೆ. ಮಗ ವಿಜಯಪುರದಲ್ಲಿ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಒಂದು ವರ್ಷ ಆ ಯಜಮಾನರು ಮಠದ ಜಾತ್ರೆಯಲ್ಲಿ ಒಂದು ದಿನದ ದಾಸೋಹ ತಮ್ಮ ಹೆಸರಿನಲ್ಲಿ ಆಗಲೆಂದು ೨೫,೦೦೦ ರೂಪಾಯಿ ತಂದು ಕೊಟ್ಟರು. ನಾವು ಶಾಲು ಹೊದಿಸಿದೆವು, ಹಾರ ಹಾಕಿದೆವು. ಧ್ವನಿವರ್ಧಕದಲ್ಲಿ ಅವರ ಹೆಸರು ಮೂರು ಸಲ ಕೇಳಿಸಿತು.

ಎರಡೂವರೆ ವರ್ಷದ ಮೇಲೆ ಒಂದು ಸಂಜೆ ಆ ತಾಯಿ ಒಬ್ಬಳೇ ಮಠಕ್ಕೆ ಬಂದಳು. ಬಹಳ ಹೊತ್ತು ಕಂಬಕ್ಕೆ ಆತು ಕುಳಿತಿದ್ದಳು. ಜನ ಕಡಿಮೆಯಾದ ಮೇಲೆ ಹತ್ತಿರ ಬಂದು ಹೇಳಿದಳು:

"ಅಪ್ಪಾರ, ನಮ್ಮ ಮನಿಯವ್ರು ರಾತ್ರಿ ನಿದ್ದಿ ಮಾಡಾಂಗಿಲ್ರಿ. ಎದ್ದು ಹೋಗಿ ಬಾಂವಿ ಕಟ್ಟಿ ಮ್ಯಾಲ ಕುಂದರ್ತಾರ್ರಿ. ನನಗ ಅಂಜಿಕಿ ಬರಾಕತ್ತೈತ್ರಿ."

"ಯಾಕ ತಾಯಿ, ಏನಾಗೇದ?"

"ಸಾಲ ಆಗೈತ್ರಿ."

"ಎಷ್ಟು?"

"ನನಗ ಗೊತ್ತಿಲ್ರಿ. ಕೇಳಿದ್ರ ಸಿಟ್ಟಿಗೇಳ್ತಾರ್ರಿ. ನಾ ಸಂಘದಾಗ ತಗೊಂಡದ್ದೂ ಅವ್ರಿಗೆ ಪೂರಾ ಗೊತ್ತಿಲ್ರಿ."

ನೋಡಿರಿ, ಒಂದೇ ಒಲೆಯ ಅನ್ನ ಉಣ್ಣುವವರು, ಒಂದೇ ಸೂರಿನ ಕೆಳಗೆ ಮಲಗುವವರು. ಗಂಡನ ಸಾಲ ಹೆಂಡತಿಗೆ ಗೊತ್ತಿಲ್ಲ, ಹೆಂಡತಿಯ ಸಾಲ ಗಂಡನಿಗೆ ಗೊತ್ತಿಲ್ಲ, ಇಬ್ಬರದೂ ಮಗನಿಗೆ ಗೊತ್ತಿಲ್ಲ.

ಮರುದಿನ ಯಜಮಾನರನ್ನು ಕರೆಸಿದೆವು. ಮೊದಲು ಏನೂ ಇಲ್ಲವೆಂದರು. ಆಮೇಲೆ ಅತ್ತರು. ಕೊನೆಗೆ ತಲೆ ಕೆಳಗೆ ಹಾಕಿ, "ಅಪ್ಪಾರ, ಜಾತ್ರಿ ದಾಸೋಹದ ರೊಕ್ಕಾನೂ ಸಾಲದ್ದ ಐತ್ರಿ" ಎಂದರು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಒಂದು ಲಕ್ಷ ಎತ್ತಿದ್ದರು. ಅದರಲ್ಲಿ ೭೫,೦೦೦ ಮಗಳ ಮದುವೆಗೆ, ೨೫,೦೦೦ ಮಠಕ್ಕೆ. "ಮಗಳ ಮದಿವ್ಯಾಗ ಮಂದಿ ಮುಂದ ತಲಿ ಎತ್ತಿ ನಿಂತಿದ್ನ್ರಿ, ಮಠದಾಗೂ ಹಂಗ ನಿಲ್ಲಬೇಕಂತ ಆಸೆ ಆತ್ರಿ" ಎಂದರು.

ಆ ದಿನ ನಮಗೆ ಊಟ ಸೇರಲಿಲ್ಲ. ಶಾಲು ಹೊದಿಸುವಾಗ "ತಮ್ಮಾ, ಇದು ಎಲ್ಲಿಯ ರೊಕ್ಕ?" ಎಂದು ಒಂದು ಮಾತು ಕೇಳಬಹುದಾಗಿತ್ತು. ನಾವು ಕೇಳಲಿಲ್ಲ. ಅಂದು ಉಂಡವರು ಹರಸಿ ಹೋದರು. ಬಡ್ಡಿ ಮಾತ್ರ ಆ ಮನೆಯಲ್ಲಿ ತಿಂಗಳು ತಿಂಗಳು ಬೆಳೆಯಿತು. ತಪ್ಪು ಆ ಭಕ್ತರೊಬ್ಬರದೇ ಎಂದು ನಾವು ಹೇಳಲಾರೆವು. ಕೊಟ್ಟವರ ಹೆಸರನ್ನು ದೊಡ್ಡದಾಗಿ ಕೂಗಿದ ಮಠಕ್ಕೂ ಅದರಲ್ಲಿ ಪಾಲಿದೆ.

ಆಗ ನಮಗೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ಶರಣದಂಪತಿಗಳು ನೆನಪಾದರು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮಕ್ಕೆ ಉಣಿಸಿ ತಾವು ಉಣ್ಣುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಡತನದ ಮನೆ, ಹೆಚ್ಚು ಬಂತೆಂದು ಹಿಗ್ಗಬೇಕಾಗಿತ್ತು. ಲಕ್ಕಮ್ಮ ಹಿಗ್ಗಲಿಲ್ಲ. ಇದು ನಮ್ಮ ದಿನದ ಕಾಯಕದ್ದಲ್ಲ, ಇಷ್ಟು ನಮಗೆ ಬೇಡ, ತಂದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಹೆಚ್ಚಿನ ಅಕ್ಕಿಯಿಂದ ಹೆಚ್ಚಿನ ದಾಸೋಹ ಆಗುತ್ತಿತ್ತಲ್ಲ ಎಂದು ನಾವು ನೀವು ಕೇಳುತ್ತೇವೆ. ತನ್ನದಲ್ಲದ್ದನ್ನು ನೀಡಿದರೆ ಅದು ದಾಸೋಹವಲ್ಲವೆಂದು ಆ ತಾಯಿಗೆ ಗೊತ್ತಿತ್ತು.

ಮಠದ ಹಿರಿಯರನ್ನು ಕೂಡಿಸಿ ವಿಚಾರ ಮಾಡಿ ಆ ೨೫,೦೦೦ ರೂಪಾಯಿ ತಿರುಗಿ ಕೊಡಲು ನಿಶ್ಚಯಿಸಿದೆವು. ಯಜಮಾನರು ಕೈ ಹಿಂದೆ ತೆಗೆದರು. "ದೇವರಿಗೆ ಕೊಟ್ಟದ್ದು ತಿರುಗಿ ತಗೊಂಡ್ರ ಪಾಪ ಬರ್ತೈತ್ರಿ ಅಪ್ಪಾರ." ನಾವು ಹೇಳಿದೆವು: "ತಮ್ಮಾ, ನಿಂದಾಗಿದ್ದರ ಪಾಪ ಬರ್ತಿತ್ತು. ಸಾವಕಾರಂದು ತಂದು ದೇವರಿಗೆ ಕೊಟ್ಟಿ. ಮಾರಯ್ಯ ತಿರುಗಿ ಸುರಿದು ಬಂದ ಅಕ್ಕಿ ಇದು. ಒಯ್ಯಿ, ಮುಟ್ಟಬೇಕಾದಲ್ಲಿ ಮುಟ್ಟಿಸು."

ಇನ್ನು ಸಾಲ ತೀರಿಸುವ ಕ್ರಮ. ಮೊದಲನೆಯ ಕೆಲಸ, ಮನೆಮಂದಿ ಎಲ್ಲರೂ ಕೂಡಿ ಕೂಡುವುದು. ವಿಜಯಪುರದಿಂದ ಮಗನನ್ನು ಕರೆಸಿದೆವು. ಒಂದು ವಹಿ, ಒಂದು ಲೇಖಣಿ. ಯಾರೂ ಯಾರಿಗೂ ಬಯ್ಯಬಾರದು, ಯಾಕೆ ಮಾಡಿದಿ ಎಂದು ಕೇಳಬಾರದು, ಇದ್ದದ್ದು ಇದ್ದ ಹಾಗೆ ಬರೆಸಬೇಕು ಎಂದು ಮಾತು ತೆಗೆದುಕೊಂಡೆವು. ಬಸವಣ್ಣನವರು ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದವರು. ಅವರು ಭಕ್ತಿಭಂಡಾರಿ ಅಷ್ಟೇ ಆಗಿರಲಿಲ್ಲ, ಬಿಜ್ಜಳನ ಬೊಕ್ಕಸದ ಭಂಡಾರಿಯೂ ಆಗಿದ್ದರು. ಬೊಕ್ಕಸದ ಹೊನ್ನನ್ನು ಜಂಗಮರಿಗೆ ಸುರಿದನೆಂದು ಚಾಡಿ ಹೇಳಿದಾಗ ಅವರು ಲೆಕ್ಕ ಒಪ್ಪಿಸಿದರು, ಒಂದು ಕಾಸೂ ಕಡಿಮೆ ಬೀಳಲಿಲ್ಲ ಎಂದು ಪುರಾಣ ಹೇಳುತ್ತದೆ. ಬಸವಣ್ಣನ ಹೆಸರು ಹೇಳುವ ಮನೆಯಲ್ಲಿ ಲೆಕ್ಕದ ವಹಿ ಇಲ್ಲದಿದ್ದರೆ ಹೇಗೆ?

ಬರೆಸುತ್ತ ಹೋದಂತೆ ಸಾಲ ಒಟ್ಟು ನಾಲ್ಕು ಲಕ್ಷ ಆಯಿತು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘದ ಬೆಳೆಸಾಲ ೧,೦೦,೦೦೦. ವಾಯಿದೆಯೊಳಗೆ ತುಂಬಿದರೆ ಇದಕ್ಕೆ ಬಡ್ಡಿ ಇಲ್ಲ. ಬ್ಯಾಂಕಿನಲ್ಲಿ ಬಂಗಾರ ಇಟ್ಟು ತಂದದ್ದು ೧,೨೦,೦೦೦. ವರ್ಷಕ್ಕೆ ನೂರಕ್ಕೆ ಹತ್ತರ ಬಡ್ಡಿ. ಕೈಗಡ ೧,೦೦,೦೦೦, ತಿಂಗಳಿಗೆ ನೂರಕ್ಕೆ ಮೂರು. ತಾಯಿಯ ಹೆಸರಿನಲ್ಲಿ ಸಂಘದ ಕಿರುಸಾಲ ಉಳಿದದ್ದು ೪೦,೦೦೦. ತಿಂಗಳಿಗೆ ೩,೮೦೦ರ ಕಂತು, ಇನ್ನು ಹನ್ನೆರಡು ಕಂತು. ಕಿರಾಣಿ ಅಂಗಡಿ ಮತ್ತು ಗೊಬ್ಬರದ ಅಂಗಡಿಯ ಉದ್ರಿ ೪೦,೦೦೦.

ಬರೆದು ಮುಗಿದ ಮೇಲೆ ಯಜಮಾನರು ಒಂದು ಮಾತು ಹೇಳಿದರು. "ಅಪ್ಪಾರ, ನಾ ಏಳೆಂಟು ಲಕ್ಷ ಆಗಿರಬೇಕಂತ ಮಾಡಿದ್ನ್ರಿ." ಕತ್ತಲೆಯಲ್ಲಿ ಕಂಡ ಹಗ್ಗ ಹಾವಾಗುತ್ತದೆ. ದೀಪ ಹಚ್ಚಿದರೆ ಹಗ್ಗವೇ. ಹಗ್ಗವೂ ಕಾಲಿಗೆ ತೊಡಕಾಗುತ್ತದೆ ನಿಜ, ಆದರೆ ಅದನ್ನು ಬಿಚ್ಚಬಹುದು.

ಎರಡನೆಯ ಕೆಲಸ, ಯಾವ ಸಾಲ ಹೆಚ್ಚು ತಿನ್ನುತ್ತದೆ ಎಂದು ನೋಡುವುದು. ನಾವು ದೊಡ್ಡ ಅಂಕಿಗೆ ಅಂಜುತ್ತೇವೆ, ದೊಡ್ಡ ಬಡ್ಡಿಗೆ ಅಂಜುವುದಿಲ್ಲ. ತಿಂಗಳಿಗೆ ಮೂರು ರೂಪಾಯಿ ಎಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. ವರ್ಷಕ್ಕೆ ಅದು ನೂರಕ್ಕೆ ಮೂವತ್ತಾರು. ಬಂಗಾರದ ಸಾಲ ೧,೨೦,೦೦೦ಕ್ಕೆ ವರ್ಷದ ಬಡ್ಡಿ ೧೨,೦೦೦. ಅದಕ್ಕಿಂತ ಸಣ್ಣದಾದ ಒಂದು ಲಕ್ಷದ ಕೈಗಡಕ್ಕೆ ೩೬,೦೦೦. ಈ ಭಕ್ತರು ಮೂವತ್ತು ತಿಂಗಳು, ತಿಂಗಳಿಗೆ ೩,೦೦೦ದಂತೆ ೯೦,೦೦೦ ರೂಪಾಯಿ ಕೊಟ್ಟಿದ್ದರು. ಅಸಲು ಒಂದು ಲಕ್ಷ ಹಾಗೆಯೇ ಕುಳಿತಿತ್ತು. ಆದ್ದರಿಂದ ಬೆಳೆಸಾಲವನ್ನು ಸುಗ್ಗಿಯ ಪೀಕಿನಿಂದ ವಾಯಿದೆ ತಪ್ಪದಂತೆ ತುಂಬಬೇಕು, ಉಳಿದವುಗಳಿಗೆ ಕಂತು ತಪ್ಪಿಸಬಾರದು, ಹೆಚ್ಚಾಗಿ ಉಳಿದ ಒಂದೊಂದು ರೂಪಾಯಿಯೂ ಕೈಗಡದ ಅಸಲಿಗೆ ಹೋಗಬೇಕು ಎಂದು ನಿಶ್ಚಯಿಸಿದೆವು.

ಮೂರನೆಯ ಕೆಲಸ, ಸಾಲ ಕೊಟ್ಟವರ ಮುಂದೆ ತಾವಾಗಿಯೇ ಹೋಗಿ ನಿಲ್ಲುವುದು. ಸಾಲಗಾರರು ಮಾಡುವ ದೊಡ್ಡ ತಪ್ಪೆಂದರೆ ಮುಖ ತಪ್ಪಿಸುವುದು. ಮುಖ ತಪ್ಪಿಸಿದವನ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ. ಊರ ಹಿರಿಯರು ನಾಲ್ಕು ಜನ, ಯಜಮಾನರು, ಅವರ ಮಗ ಎಲ್ಲರೂ ಕೂಡಿ ಸಾವಕಾರರನ್ನು ಮಠಕ್ಕೆ ಕರೆಸಿದೆವು. ಅವರೂ ನಮ್ಮ ಭಕ್ತರೇ. "ನಾ ಏನ್ ಕುತ್ತಿಗಿ ಹಿಡದು ಕೊಟ್ಟೇನ್ರಿ ಅಪ್ಪಾರ? ಮನಿ ತನಕಾ ಬಂದು ಇಸಗೊಂಡಾರ" ಎಂದರು. ಆ ಮಾತೂ ಸುಳ್ಳಲ್ಲ. ನಾವು ವಹಿಯನ್ನು ಅವರ ಮುಂದೆ ಇಟ್ಟೆವು. ತೊಂಬತ್ತು ಸಾವಿರ ಮುಟ್ಟಿದೆ ಎಂದು ಅವರೇ ಓದಿದರು. ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಇನ್ನು ಮುಂದೆ ನೂರಕ್ಕೆ ಒಂದೇ ರೂಪಾಯಿ ಸಾಕು, ಅಸಲನ್ನೂ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುತ್ತೇನೆ ಎಂದು ಒಪ್ಪಿದರು. ಮಠದಿಂದ ತಿರುಗಿ ಬಂದ ೨೫,೦೦೦, ಮಗನ ಬೈಕು ಮಾರಿ ಬಂದ ೨೫,೦೦೦, ಕೂಡಿ ೫೦,೦೦೦ವನ್ನು ಅಂದೇ ಅಸಲಿಗೆ ಜಮಾ ಮಾಡಿಸಿದೆವು. ಕೊಟ್ಟದ್ದಕ್ಕೆಲ್ಲ ಅಂದಂದೇ ಸಹಿ ಮಾಡಿಸಿಕೊಳ್ಳಬೇಕೆಂದೂ ಹೇಳಿದೆವು.

ಕೊಡುವ ಭಕ್ತರೂ ಈ ಸಭೆಯಲ್ಲಿದ್ದೀರಿ. ನಿಮಗೂ ಎರಡು ಮಾತು. ಲೇವಾದೇವಿಗೆ ನಮ್ಮ ರಾಜ್ಯದಲ್ಲಿ ೧೯೬೧ರ ಕಾಯ್ದೆ ಇದೆ, ಪರವಾನಿಗೆ ಬೇಕು. ಅಡವಿದ್ದರೆ ವರ್ಷಕ್ಕೆ ನೂರಕ್ಕೆ ೧೪, ಅಡವಿಲ್ಲದಿದ್ದರೆ ೧೬, ಇದು ಅದರ ಮಿತಿ. ವಿಪರೀತ ಬಡ್ಡಿಯನ್ನು ನಿಷೇಧಿಸುವ ಇನ್ನೊಂದು ಕಾಯ್ದೆ ೨೦೦೪ರಲ್ಲಿ ಬಂತು. ೨೦೨೫ರ ಫೆಬ್ರುವರಿಯಲ್ಲಿ ಕಿರುಸಾಲದ ವಸೂಲಿಯಲ್ಲಿ ಆಗುವ ಕಿರುಕುಳವನ್ನು ತಡೆಯಲು ಸುಗ್ರೀವಾಜ್ಞೆ ಹೊರಟು, ಮಾರ್ಚಿನಲ್ಲಿ ಶಾಸನಸಭೆ ಅದನ್ನು ಕಾಯ್ದೆಯಾಗಿ ಒಪ್ಪಿತು. ನೋಂದಣಿ ಇಲ್ಲದೆ ಸಾಲ ಕೊಟ್ಟು ಬಲವಂತದಿಂದ ವಸೂಲಿ ಮಾಡುವವರಿಗೆ ಹತ್ತು ವರ್ಷದವರೆಗೆ ಸೆರೆಮನೆ, ಐದು ಲಕ್ಷದವರೆಗೆ ದಂಡ ಎಂದು ಅದರಲ್ಲಿದೆ. ಆದರೆ ಸಾಲ ತಂದವರು ಒಂದನ್ನು ತಿಳಿಯಬೇಕು. ರಿಸರ್ವ್ ಬ್ಯಾಂಕಿನ ಅಡಿಯಲ್ಲಿರುವ ಬ್ಯಾಂಕು, ಹಣಕಾಸು ಕಂಪನಿಗಳಿಂದ ತಂದ ಸಾಲವನ್ನು ಈ ಕಾಯ್ದೆ ಮನ್ನಾ ಮಾಡಿಲ್ಲ. ಅದನ್ನು ತೀರಿಸಲೇಬೇಕು. ಸರಕಾರ ಮನ್ನಾ ಮಾಡುತ್ತದೆ ಎಂದು ಕಾಯುತ್ತ ಕುಳಿತವನ ಮನೆಯಲ್ಲಿ ಬಡ್ಡಿ ಕಾಯುವುದಿಲ್ಲ.

ಸಂಘದ ಕಂತಿಗೆ ಅಂಜುವ ತಾಯಂದಿರು ಇದನ್ನು ನೆನಪಿಡಿರಿ. ಕಿರುಸಾಲ ಕೊಡುವವರಿಗೆ ರಿಸರ್ವ್ ಬ್ಯಾಂಕು ೨೦೨೨ರಲ್ಲಿ ಕಟ್ಟಳೆ ಹಾಕಿದೆ. ಒಂದು ಮನೆಯ ಎಲ್ಲ ಕಂತುಗಳೂ ಕೂಡಿ ಆ ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ಮುಂಜಾನೆ ಒಂಬತ್ತಕ್ಕಿಂತ ಮೊದಲು, ಸಂಜೆ ಆರರ ಮೇಲೆ ವಸೂಲಿಗಾಗಿ ಕಾಡಬಾರದು. ಬಯ್ಯಬಾರದು, ಬೆದರಿಸಬಾರದು. ಅವಧಿಗಿಂತ ಮೊದಲೇ ತೀರಿಸಿದರೆ ದಂಡ ಹಾಕಬಾರದು. ಇದನ್ನು ಮೀರಿದರೆ ಮೊದಲು ಆ ಸಂಸ್ಥೆಗೇ ಬರೆದು ಕೊಡಬೇಕು. ಅಲ್ಲಿ ಆಗದಿದ್ದರೆ ರಿಸರ್ವ್ ಬ್ಯಾಂಕಿನ ೧೪೪೪೮ ಎಂಬ ಅಂಕಿಗೆ ಫೋನು ಮಾಡಿ ದೂರಿನ ದಾರಿ ಕೇಳಬಹುದು. ಅನ್ಯಾಯವನ್ನು ಸಹಿಸಬೇಕೆಂದು ಧರ್ಮ ಹೇಳಿಲ್ಲ. ಹಾಗೆಯೇ ತಂದದ್ದನ್ನು ಕೊಡಬೇಡ ಎಂದೂ ಹೇಳಿಲ್ಲ.

ನಾಲ್ಕನೆಯ ಕೆಲಸ, ತಿಂಗಳ ಲೆಕ್ಕ. ಈ ಮನೆಗೆ ಮಗನಿಂದ ೧೨,೦೦೦, ಹೈನದಿಂದ ೫,೦೦೦, ಹೊಲಿಗೆ ಮತ್ತು ಕೂಲಿಯಿಂದ ೭,೦೦೦, ಒಟ್ಟು ೨೪,೦೦೦ ಬರುತ್ತಿತ್ತು. ಯಜಮಾನರ ಗುಟಖಾ, ಹೊಟೇಲಿನ ಚಹಾ, ಮಗನ ಎರಡನೆಯ ಫೋನಿನ ಖರ್ಚು ಇವನ್ನು ಬಿಡಿಸಿದ ಮೇಲೆ ಮನೆಯ ಖರ್ಚು ೧೨,೦೦೦ಕ್ಕೆ ನಿಂತಿತು. ಉಳಿದ ೧೨,೦೦೦ದಲ್ಲಿ ಸಂಘಕ್ಕೆ ೩,೮೦೦, ಕೈಗಡಕ್ಕೆ ಬಡ್ಡಿ ಅಸಲು ಕೂಡಿ ೫,೦೦೦, ಬಂಗಾರದ ಬಡ್ಡಿಗೆ ೧,೦೦೦, ಉದ್ರಿಗೆ ೧,೫೦೦. ಒಟ್ಟು ೧೧,೩೦೦. ಉಳಿದ ೭೦೦ ಒಂದು ಡಬ್ಬಿಯಲ್ಲಿ. ಆ ಡಬ್ಬಿಗೆ ತಾಯಿ "ಆಪತ್ತಿನ ಡಬ್ಬಿ" ಎಂದು ಹೆಸರಿಟ್ಟಳು. ಏಳುನೂರು ಎಷ್ಟರದೆಂದು ನಗಬೇಡಿರಿ. ಅದಿಲ್ಲದಿದ್ದರೆ ಮಗುವಿಗೆ ಜ್ವರ ಬಂದ ದಿನ ಮತ್ತೆ ಸಾವಕಾರರ ಬಾಗಿಲಿಗೇ ಹೋಗಬೇಕು.

ಇದರಲ್ಲಿ ಮುಖ್ಯವಾದ ಗುಟ್ಟು ಒಂದಿದೆ. ಒಂದು ಸಾಲ ತೀರಿತೆಂದರೆ ಅದರ ಕಂತಿನ ರೊಕ್ಕ ಮನೆಯ ಖರ್ಚಿಗೆ ಬರಬಾರದು. ಮುಂದಿನ ಸಾಲಕ್ಕೆ ಹೋಗಬೇಕು. ಕೈಗಡ ಹನ್ನೊಂದು ತಿಂಗಳಲ್ಲಿ ತೀರುತ್ತದೆ, ಸಂಘದ್ದು ಹನ್ನೆರಡರಲ್ಲಿ. ಆ ಎರಡೂ ಕಂತು ಉದ್ರಿಗೆ ಕೂಡಿದರೆ ಹದಿನಾಲ್ಕಕ್ಕೆ ಉದ್ರಿ ಮುಗಿಯುತ್ತದೆ. ಆಮೇಲೆ ಎಲ್ಲವೂ ಬಂಗಾರಕ್ಕೆ. ಇಪ್ಪತ್ತೈದನೆಯ ತಿಂಗಳಿಗೆ ತಾಯಿಯ ಕೊರಳಿಗೆ ಸರ ಬರಬೇಕು. ಹಳ್ಳಗಳು ಕೂಡಿದಂತೆ ಹೊಳೆಗೆ ಸೆಳೆತ ಹೆಚ್ಚುತ್ತದಲ್ಲ, ಹಾಗೆ. ಇನ್ನೊಂದು ಕಟ್ಟಳೆ: ಈ ಅವಧಿಯಲ್ಲಿ ಹೊಸ ಸಾಲ ಕೂಡದು. ಹಳೆಯ ಸಾಲಕ್ಕೆ ಹೊಸ ಸಾಲ ತರುವುದು ಒಂದು ಹೊಂಡ ಮುಚ್ಚಲು ಇನ್ನೊಂದು ಹೊಂಡ ತೋಡಿದಂತೆ.

ಇದೇನು ಹೊಸ ಉಪಾಯವೆಂದು ತಿಳಿಯಬೇಡಿರಿ. ಈ ನಾಡಿಗೆ ಬರಗಾಲವೂ ಹಳೆಯದು, ಸಾಲವೂ ಹಳೆಯದು. ೧೮೭೬ರಿಂದ ೭೮ರ ಬರ ನಮ್ಮ ಜಿಲ್ಲೆಯನ್ನು ಹೇಗೆ ಹಣ್ಣು ಮಾಡಿತೆಂದು ಹಿರಿಯರಿಂದ ಕೇಳಿದ್ದೀರಿ. ಆಗ ನಾವು ಮುಂಬಯಿ ಇಲಾಖೆಯಲ್ಲಿದ್ದೆವು. ೧೮೭೫ರಲ್ಲಿ ಪುಣೆ, ಅಹ್ಮದನಗರದ ಕಡೆ ರೈತರು ಸಾವಕಾರರ ಮೇಲೆ ಎದ್ದು ಸಾಲಪತ್ರಗಳನ್ನು ಸುಟ್ಟರು. ಅದರ ತರುವಾಯ ೧೮೭೯ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಸಾಲವನ್ನು ಕಂತಿನ ಮೇಲೆ ತೀರಿಸಲು ನ್ಯಾಯಾಲಯ ಅಪ್ಪಣೆ ಕೊಡಬಹುದೆಂದು ಅದರಲ್ಲಿತ್ತು. ೧೯೩೯ರಲ್ಲಿ ಮುಂಬಯಿ ಸರಕಾರ ಇನ್ನೊಂದು ಕಾಯ್ದೆ ಮಾಡಿ, ರೈತನ ಎಲ್ಲ ಸಾಲಗಳನ್ನೂ ಒಂದೇ ಕಡೆ ಲೆಕ್ಕ ಹಾಕಿ, ಅವನ ಶಕ್ತಿ ನೋಡಿ ಇಳಿಸಿ, ವರುಷದ ಕಂತು ಕಟ್ಟಿ ಕೊಡಲು ಮಂಡಳಿಗಳನ್ನು ನೇಮಿಸುವ ಏರ್ಪಾಡು ಮಾಡಿತು. ಎಲ್ಲ ಸಾಲ ಒಂದು ಪಟ್ಟಿಯಲ್ಲಿ, ಶಕ್ತಿಗೆ ತಕ್ಕ ಕಂತು: ನಾವು ಮಠದಲ್ಲಿ ಕುಳಿತು ಮಾಡಿದ್ದೂ ಇಷ್ಟೇ.

ಕಾಯ್ದೆಗಿಂತ ದೊಡ್ಡ ಕೆಲಸವನ್ನು ನಮ್ಮ ಜನರೇ ಮಾಡಿದರು. ೧೯೦೫ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರಿ ಸಂಘ ತೆಗೆದರು. ಈ ದೇಶದ ಮೊದಮೊದಲಿನ ಸಂಘಗಳಲ್ಲಿ ಅದೂ ಒಂದು. ವಿಜಯಪುರದಲ್ಲಿ ವಚನಪಿತಾಮಹ ಫ. ಗು. ಹಳಕಟ್ಟಿಯವರು ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ವಚನಗಳ ತಾಳೆಗರಿ ಹುಡುಕಿದ ಕೈಯೇ ಬ್ಯಾಂಕಿನ ಲೆಕ್ಕವನ್ನೂ ಬರೆಯಿತು. ಅವರಿಗೆ ಅವೆರಡೂ ಬೇರೆ ಎನಿಸಲಿಲ್ಲ. ವಚನಗಳನ್ನು ಅಚ್ಚು ಹಾಕಿಸಲು ಅವರು ಇದ್ದ ಮನೆಯನ್ನು ಮಾರಿದರು. ಊರಿಗೆ ಬ್ಯಾಂಕು ಕಟ್ಟಿಕೊಟ್ಟವರು ತಮ್ಮ ಕೆಲಸಕ್ಕೆ ತಮ್ಮದನ್ನೇ ಕೊಟ್ಟರು ಎಂಬುದನ್ನು ಮನಸ್ಸಿನಲ್ಲಿಡಿರಿ.

ಈಗ ಆ ಮನೆಯ ಮುಂದಿನ ಕಥೆ. ವಹಿಯಲ್ಲಿ ಬರೆದಂತೆ ಎಲ್ಲ ನಡೆಯಿತೇ? ನಡೆಯಲಿಲ್ಲ. ಎಂಟನೆಯ ತಿಂಗಳಲ್ಲಿ ಆಕಳು ಬತ್ತಿತು. ದ್ರಾಕ್ಷಿಯ ಕಾಲಕ್ಕೆ ಅಕಾಲದ ಮಳೆ ಬಿತ್ತು, ಒಣದ್ರಾಕ್ಷಿ ಮಾಡುವವರ ರ‍್ಯಾಕುಗಳೇ ನೆಂದವು. ತೋಟದವರಿಗೇ ಅಳುವ ಹೊತ್ತು, ಕೂಲಿ ಎಲ್ಲಿಂದ ಬರಬೇಕು? ಎರಡು ತಿಂಗಳು ಕೈಗಡಕ್ಕೆ ಅರ್ಧವೇ ಕೊಡಲಾಯಿತು. ಆದರೆ ಯಜಮಾನರು ಮುಖ ತಪ್ಪಿಸಲಿಲ್ಲ. ಕೊಡುವ ದಿನಕ್ಕಿಂತ ಮೊದಲೇ ಹೋಗಿ "ಈ ತಿಂಗಳ ಇಷ್ಟ ಆಗ್ತೈತ್ರಿ ಸಾವ್ಕಾರ್ರ" ಎಂದು ಹೇಳಿ ಬಂದರು. ಇಪ್ಪತ್ತೈದು ತಿಂಗಳ ಲೆಕ್ಕ ಮೂವತ್ತೊಂದಕ್ಕೆ ಹೋಯಿತು. ಹೋಗಲಿ. ಆರು ತಿಂಗಳು ತಡವಾದರೆ ಮಾನ ಹೋಗುವುದಿಲ್ಲ, ಮಾತು ಬಿಟ್ಟರೆ ಹೋಗುತ್ತದೆ. ಕೈಗಡ ತೀರಿದ ದಿನ ಸಾವಕಾರರು ಸಹಿ ಮಾಡಿಸಿ ಇಟ್ಟುಕೊಂಡಿದ್ದ ಖಾಲಿ ಚೆಕ್ಕನ್ನು ತಂದು ಎಲ್ಲರ ಮುಂದೆ ಹರಿದು ಹಾಕಿದರು. ನಮಗೆ ಆ ದಿನ ಯಜಮಾನರಿಗಿಂತ ಸಾವಕಾರರ ಮುಖವೇ ಹಗುರಾಗಿ ಕಂಡಿತು.

ತಾಯಂದಿರೇ, ಬಂಧುಗಳೇ, ಸಾಲಗಳಲ್ಲಿ ಮೂರು ತೆರ. ಬಿತ್ತುವ ಸಾಲ, ಆಪತ್ತಿನ ಸಾಲ, ಮೆರೆಯುವ ಸಾಲ. ಬೀಜಕ್ಕೆ, ಗೊಬ್ಬರಕ್ಕೆ, ಬಳ್ಳಿಗೆ ತಂದದ್ದು ಬಿತ್ತುವ ಸಾಲ. ಬೆಳೆ ಬಂದರೆ ತೀರುತ್ತದೆ, ಬಾರದಿದ್ದರೆ ಅದು ದೈವದ ಪೆಟ್ಟು, 'ನಿನ್ನ ತಪ್ಪು' ಎಂದು ಯಾರೂ ಬೆರಳು ತೋರಿಸಬಾರದು. ದವಾಖಾನೆಗೆ ತಂದದ್ದು ಆಪತ್ತಿನ ಸಾಲ, ಅದಕ್ಕೂ ನಾಚಬೇಕಾಗಿಲ್ಲ. ನಾವು ಅಂಜಬೇಕಾದದ್ದು ಮೆರೆಯುವ ಸಾಲಕ್ಕೆ. ಮದುವೆಯ ಮಂಟಪ, ಊರಿಗೆಲ್ಲ ಊಟ, ಬೀಗರ ಮುಂದೆ ಬಂಗಾರ, ಜಾತ್ರೆಯಲ್ಲಿ ಹೆಸರು. ವಿಜಯಪುರಕ್ಕೆ ದುಡಿಯಲು ಹೋದ ಹುಡುಗರಿಗೆ ಇನ್ನೊಂದು ಬಲೆ ಬಂದಿದೆ. ಫೋನಿನಲ್ಲಿ ಬೆರಳು ಒತ್ತಿದರೆ ಎರಡು ನಿಮಿಷದಲ್ಲಿ ಸಾಲ. ಎರಡು ನಿಮಿಷದಲ್ಲಿ ಬಂದದ್ದು ಎರಡು ವರ್ಷ ಕಾಡುತ್ತದೆ. ಮಕ್ಕಳೇ, ತಂದೆತಾಯಿಗೆ ಹೇಳದೆ ಅದಕ್ಕೆ ಬೆರಳು ಹಚ್ಚಬೇಡಿರಿ. ಹಚ್ಚಿದ್ದರೆ ಇಂದೇ ಮನೆಗೆ ಹೋಗಿ ಹೇಳಿರಿ.

ಟಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ, ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮೀಜಿಯವರನ್ನು ನೀವೆಲ್ಲ ಕಣ್ಣಾರೆ ಕಂಡಿದ್ದೀರಿ. ೨೦೨೩ರ ಜನವರಿ ೨ರಂದು ಅವರು ಬಯಲಾದಾಗ ಲಕ್ಷಾಂತರ ಜನ ಕಣ್ಣೀರಿಟ್ಟರು. ಅವರ ಅಂಗಿಗೆ ಜೇಬು ಇರಲಿಲ್ಲ. ಸಂಸಾರಿಗಳಿಗೆ ಜೇಬು ಬೇಕು, ಇರಲಿ. ಆದರೆ ಅದರಲ್ಲಿ ಇರುವುದು ತನ್ನದೆಷ್ಟು, ಪರರದೆಷ್ಟು ಎಂದು ಗೊತ್ತಿರಬೇಕು. ಅಷ್ಟು ಗೊತ್ತಾದವನು ಅರ್ಧ ಸಾಲ ತೀರಿಸಿದ ಹಾಗೆಯೇ.

ಕೊನೆಯ ಒಂದು ಮಾತು. ಇದನ್ನು ಹೇಳುವುದಕ್ಕಾಗಿಯೇ ಇಷ್ಟೆಲ್ಲ ಹೇಳಿದೆವು. ಸಾಲದ ಸಲುವಾಗಿ ಯಾರೂ ಜೀವಕ್ಕೆ ಎರವಾಗಬಾರದು. ಬಾಂವಿ ಕಟ್ಟೆಯ ಮೇಲೆ ರಾತ್ರಿ ಕುಳಿತವರು ಈ ಸಭೆಯಲ್ಲಿಯೂ ಇರಬಹುದು. ಅಪ್ಪಾ, ನೀನು ಸತ್ತರೆ ಸಾಲ ಸಾಯುವುದಿಲ್ಲ. ಹೆಂಡತಿ ಮಕ್ಕಳ ತಲೆಯ ಮೇಲೆ ದುಃಖವೊಂದು ಹೆಚ್ಚಾಗಿ ಕೂಡುತ್ತದೆ. ರೊಕ್ಕದ ಸಾಲ ಲೆಕ್ಕಕ್ಕೆ ಸಿಗುತ್ತದೆ, ಜೀವ ಯಾವ ವಹಿಯಲ್ಲಿಯೂ ತಿರುಗಿ ಜಮಾ ಆಗುವುದಿಲ್ಲ. ಮನಸ್ಸು ತಡೆಯದಾದರೆ ೧೪೪೧೬ಕ್ಕೆ ಫೋನು ಮಾಡು. ಸರಕಾರದವರು ಹಗಲುರಾತ್ರಿ ಇಟ್ಟಿದ್ದಾರೆ, ಕನ್ನಡದಲ್ಲಿ ಮಾತಾಡುತ್ತಾರೆ. ಇಲ್ಲವೆ ಮಠಕ್ಕೆ ಬಾ. ನಡುರಾತ್ರಿ ಬಂದರೂ ಬಾಗಿಲು ತೆರೆಯುತ್ತೇವೆ. ಮಠ ನಿನ್ನ ಸಾಲ ಕಟ್ಟುವ ಶಕ್ತಿ ಹೊಂದಿಲ್ಲ. ನಿನ್ನ ಪಕ್ಕದಲ್ಲಿ ಕುಳಿತು ವಹಿ ಬರೆಯುವ ಶಕ್ತಿ ಇದೆ.

ಅಂದಿನಿಂದ ನಮ್ಮ ಮಠದಲ್ಲಿಯೂ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಕಾಣಿಕೆ ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುವುದಿಲ್ಲ. ದೊಡ್ಡ ಮೊತ್ತ ತಂದವರನ್ನು ಒಳಗೆ ಕರೆದು, "ಸಾಲ ಏನಾದರೂ ಇದೆಯೇ?" ಎಂದು ಕೇಳುತ್ತೇವೆ. ಇದೆ ಎಂದರೆ ಪ್ರಸಾದ ಕೊಟ್ಟು ರೊಕ್ಕ ತಿರುಗಿ ಕಳಿಸುತ್ತೇವೆ. ಕೆಲವರಿಗೆ ಬೇಸರವಾಗಿದೆ. ಆಗಲಿ.

ಮೂವತ್ತೊಂದನೆಯ ತಿಂಗಳು ಕಳೆದ ಮೇಲೆ ಆ ಗಂಡಹೆಂಡಿರು ಕೂಡಿಯೇ ಮಠಕ್ಕೆ ಬಂದರು. ತಾಯಿಯ ಕೊರಳಲ್ಲಿ ಸರ ಇತ್ತು. ಸೆರಗಿನಲ್ಲಿ ಏನೋ ಕಟ್ಟಿ ತಂದಿದ್ದಳು. ಬಿಚ್ಚಿ ನಮ್ಮ ಮುಂದೆ ಇಟ್ಟಳು. ಎರಡು ಸೇರು ಬಿಳಿಜೋಳ. "ಅಪ್ಪಾರ, ಇದು ನಮ್ಮ ಹೊಲದ್ದ ಐತ್ರಿ. ಸಾಲದ್ದಲ್ರಿ" ಎಂದಳು. ಅಂದು ಮಠದಲ್ಲಿ ಆ ಜೋಳದ ರೊಟ್ಟಿಯನ್ನು ನಾವೂ ಉಂಡೆವು. ಇಪ್ಪತ್ತೈದು ಸಾವಿರದ ದಾಸೋಹದಲ್ಲಿ ಇಲ್ಲದ ರುಚಿ ಆ ಎರಡು ಸೇರು ಜೋಳದಲ್ಲಿತ್ತು.

ಇಂದು ಮನೆಗೆ ಹೋದ ಮೇಲೆ ಊಟಕ್ಕೆ ಮೊದಲು ಒಂದು ವಹಿ ತೆಗೆದುಕೊಂಡು ಗಂಡಹೆಂಡತಿ ಮಕ್ಕಳೆಲ್ಲ ಕೂಡಿ ಕೂಡಿರಿ. ಇದ್ದದ್ದನ್ನು ಬರೆಯಿರಿ. ನಾಳೆ ದಾಸೋಹದ ವಿಚಾರ ಹೇಳುತ್ತೇವೆ; ಆ ವಹಿ ಬರೆದವರಿಗೆ ನಾಳಿನ ಮಾತು ಬೇಗ ತಿಳಿಯುತ್ತದೆ. ಗುರುಬಸವಣ್ಣನವರು ನಿಮ್ಮೆಲ್ಲರ ಮನೆಗಳಿಗೆ ಋಣವಿಲ್ಲದ ಅನ್ನವನ್ನೂ ಅಂಜಿಕೆಯಿಲ್ಲದ ನಿದ್ರೆಯನ್ನೂ ಕರುಣಿಸಲೆಂದು ಹಾರೈಸಿ, ಇಂದಿನ ಮಾತಿಗೆ ಮಂಗಲ ಹೇಳುತ್ತೇವೆ.